ಮೂಗಿನ ಸಂದಿಯ ಮೂರನೇ ಕಣ್ಣು

ಮತ್ತೆ ಅದೇ ವಿಡಿಯೋ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಮಗು ಪೇಪರ್ ಹಿಡಿದು ಪಟಪಟ ಓದುತ್ತಿದೆ, ನಿರೂಪಕಿ ತೆರೆದ ಬಾಯಿ ಮುಚ್ಚಿಲ್ಲ. ಮಿಡ್‌ಬ್ರೇನ್ ಆಕ್ಟಿವೇಶನ್ ಅಂತೆ. ವಾರಾಂತ್ಯದ ಶಿಬಿರದಲ್ಲಿ ಮಲಗಿದ್ದ ಮಿಡ್‌ಬ್ರೇನನ್ನು, ಅಂದರೆ ನಡುಮೆದುಳನ್ನು, ಎಬ್ಬಿಸಿ ಕೊಡುತ್ತಾರಂತೆ.

ಅದು ಮಲಗಿದ್ದು ಯಾವಾಗ ಸ್ವಾಮಿ? ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಮೆದುಳುಕಾಂಡದ ಮೇಲ್ತುದಿಯಲ್ಲಿರುವ, ಹೆಚ್ಚುಕಮ್ಮಿ 2 ಸೆಂಟಿಮೀಟರ್ ಉದ್ದದ ತುಂಡು ಅದು. ಕಣ್ಣುಗುಡ್ಡೆ ಹೊರಳುವುದು, ಸದ್ದಾದ ಕಡೆ ತಲೆ ತಿರುಗುವುದು ಅದರಿಂದಲೇ. ನಮ್ಮನ್ನು ಎಚ್ಚರವಾಗಿ ಇಡುವುದರಲ್ಲೂ ಅದರ ಪಾಲಿದೆ. ಅಲ್ಲಿನ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನುವ ಭಾಗದಲ್ಲಿ, ಚಲನೆಗೆ ಬೇಕಾದ ಡೋಪಮೈನ್ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತಾ ಹೋದರೆ ಪಾರ್ಕಿನ್ಸನ್ ಕಾಯಿಲೆ. ಹೆಜ್ಜೆ ಎತ್ತಬೇಕು ಅಂತ ಮನಸ್ಸು ಎಷ್ಟೇ ಹೇಳಿದರೂ ಕಾಲು ಏಳುವುದಿಲ್ಲ. ಮಿಡ್‌ಬ್ರೇನ್ ನಿಜವಾಗಿ ಆಫ್ ಆದ ಮಗು ಶಿಬಿರಕ್ಕಲ್ಲ, ಐಸಿಯುಗೆ ಹೋಗುತ್ತದೆ.

ಆದರೂ ಹೊಗಳಲೇಬೇಕು. ಪಟ್ಟಿ ಎಷ್ಟೇ ಬಿಗಿ ಕಟ್ಟಿದರೂ ಮೂಗಿನ ಅಕ್ಕಪಕ್ಕ ಒಂದು ಸಂದಿ ಉಳಿಯುತ್ತದೆ, ಜಾದೂಗಾರರಿಗೆ ಇದು ಅಜ್ಜನ ಕಾಲದ ಗುಟ್ಟು. ಮಗು ಗದ್ದ ಒಂಚೂರು ಎತ್ತುತ್ತದೆ. ಪೇಪರನ್ನು ಮೆಲ್ಲಗೆ ಎದೆಯ ಕೆಳಗೆ ಇಳಿಸುತ್ತದೆ. ಒಂದ್ಸಲ ಮೂಸುತ್ತದೆ, ಬೆರಳಿಂದ ಸವರುತ್ತದೆ. ಅಕ್ಷರ ಆಗಲೇ ಕಂಡಿದೆ, ಆದರೆ ತಕ್ಷಣ ಹೇಳುವ ಹಾಗಿಲ್ಲ. ನೆನಪಿನಲ್ಲಿ ಇಟ್ಟುಕೊಂಡು, ನಾಲಗೆ ತಡೆದು, ಕತ್ತು ಜಾಸ್ತಿ ಎತ್ತದೆ, ಮುಂದೆ ಕೂತವರು ಎಷ್ಟು ನಂಬಿದ್ದಾರೆ ಅಂತ ಅಂದಾಜು ಮಾಡಿ, ಆಮೇಲೆ ಬಾಯಿ ಬಿಡಬೇಕು. ಇಷ್ಟೆಲ್ಲ ಸಂಭಾಳಿಸುವುದು ಹೆಚ್ಚಾಗಿ ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್. ವಯಸ್ಸು 20 ದಾಟಿದ ಮೇಲೂ ಬೆಳೆಯುತ್ತಲೇ ಇರುವ ಭಾಗ ಅದು. ಅದಕ್ಕೆ ಇಂಥ ಕಸರತ್ತು ಮಾಡಿಸುತ್ತಾರಲ್ಲ, ದೊಡ್ಡ ಸಾಧನೆಯೇ. ಬೋರ್ಡಿನಲ್ಲಿ ಮೆದುಳಿನ ಭಾಗದ ಹೆಸರು ಮಾತ್ರ ತಪ್ಪಾಗಿದೆ.

ಪೇಪರನ್ನು ತಲೆಯ ಮೇಲೆ ಹಿಡಿದು ಓದು ಮರಿ ಅನ್ನಿ, ದಿವ್ಯಶಕ್ತಿ ನಾಪತ್ತೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅಂಥವರು ಇದರ ಬಣ್ಣ ಬಯಲು ಮಾಡಿ ವರ್ಷಗಳೇ ಆದವು. ಯಾರು ಕೇಳುತ್ತಾರೆ?

ಬ್ರೋಷರ್ ನೋಡಿದ್ದೀರಲ್ಲ, ಕೆಂಪು ಹಳದಿ ಬಣ್ಣದಲ್ಲಿ ಹೊಳೆಯುವ ಮೆದುಳಿನ ಚಿತ್ರ ಇದ್ದೇ ಇರುತ್ತದೆ. ಬಣ್ಣದ ಮೆದುಳು ಕಂಡರೆ ಸಾಕು, ನಮ್ಮವರು ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ಅಮೆರಿಕದ ಕೆಲವು ಸಂಶೋಧಕರು ಒಂದು ಸತ್ತ ಸಾಲ್ಮನ್ ಮೀನನ್ನು, ಮೆದುಳಿನ ಚಟುವಟಿಕೆಯನ್ನು ಬಣ್ಣದ ಚುಕ್ಕೆಗಳಾಗಿ ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ಇವರಿಗೆ ಏನು ಅನ್ನಿಸುತ್ತಿದೆ ಹೇಳು ಅಂತ ಕೇಳಿದ್ದರು. 2009ರಲ್ಲಿ ಅದರ ಫಲಿತಾಂಶ ಬಂತು. ಸತ್ತ ಮೀನಿನ ಮೆದುಳಿನಲ್ಲೂ ಚುಕ್ಕೆ ಹೊಳೆದಿತ್ತು! ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸಿದರೆ ಕೆಲವು ಸುಮ್ನೆ ಆಕಸ್ಮಿಕವಾಗಿ ಹೊಳೆಯುತ್ತವೆ. ಲೆಕ್ಕ ಸರಿಯಾಗಿ ಹಾಕಿದಾಗ ಮಾಯವಾದವು. 2012ರಲ್ಲಿ ಈ ಸಂಶೋಧನೆಗೆ ಇಗ್ ನೊಬೆಲ್ ಕೂಡ ಸಿಕ್ಕಿತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ ಅದು. ಶಿಬಿರದವರ ಕೈಗೆ ಆ ಮೀನು ಸಿಕ್ಕಿದ್ದರೆ ಮೊದಲ ಬ್ಯಾಚಿನ ಟಾಪರ್ ಅದೇ, ಪೋಸ್ಟರಿನಲ್ಲಿ ಫೋಟೋನೂ ಬರುತ್ತಿತ್ತು.

ನಗು ಬರುತ್ತದೆ, ಅಲ್ವಾ? ನನಗೆ ಈಗೀಗ ಬರುತ್ತಿಲ್ಲ. ಶಿಬಿರದ ಅಷ್ಟು ದೊಡ್ಡ ಸಭಾಂಗಣದಲ್ಲಿ ಮೋಸ ನಡೆಯುತ್ತಿದೆ ಅಂತ ಖಚಿತವಾಗಿ ಗೊತ್ತಿರುವುದು ಇಬ್ಬರಿಗೆ, ಮೇಷ್ಟ್ರಿಗೆ ಮತ್ತು ಮಗುವಿಗೆ. ಮೇಷ್ಟ್ರು ಫೀಸು ಎಣಿಸಿಕೊಂಡು ಮುಂದಿನ ಊರಿಗೆ ಹೋಗುತ್ತಾನೆ. ಮಗು ಮನೆಗೆ ಬರುತ್ತದೆ. ನೆಂಟರ ಮುಂದೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಮತ್ತೆ ಮತ್ತೆ ಓದಬೇಕು. ಅಮ್ಮ ಅಪ್ಪಿಕೊಂಡು ಕಣ್ಣೀರು ಹಾಕಿದ ಮೇಲೆ "ಸಂದಿಯಿಂದ ಕಾಣಿಸ್ತಿತ್ತಮ್ಮ" ಅಂತ ಅದು ಹೇಳುವುದಾದರೂ ಹೇಗೆ? ಪರೀಕ್ಷೆಯಲ್ಲಿ ಕಾಪಿ ಹೊಡೆದರೆ ಬೆತ್ತ ಹಿಡಿಯುವವರೇ ಇದಕ್ಕೆ ಹಣ ಕಟ್ಟಿ ಚಪ್ಪಾಳೆ ತಟ್ಟುತ್ತೀರಲ್ಲ, ನಾಚಿಕೆ ಆಗುವುದಿಲ್ಲವೇನ್ರೀ?