ಊದಿದ ಗಾಜಿನ ಜಾಗ ಕಿಟಕಿ, ಶೋಕೇಸ್ ಅಲ್ಲ

ನಮ್ಮ ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಮಾತು. ‘ಇಷ್ಟು ಚೆಂದದ ಗಾಜಿನ ಹೂದಾನಿ, ಕಿಟಕಿ ಹತ್ರ ಯಾಕಿಟ್ಟಿದೀರಿ? ಬಿದ್ದು ಒಡೆದ್ರೆ?’ ಮೊನ್ನೆ ಪಕ್ಕದ ಮನೆ ಅಕ್ಕ ಅದನ್ನು ತಾವೇ ಎತ್ತಿಕೊಂಡು ಶೋಕೇಸ್ ಕಡೆ ಹೊರಟಿದ್ದರು. ನಾನು ಬಿಡಲಿಲ್ಲ. ಯಾಕೆ ಅಂತ ಇಲ್ಲಿ ಬರೆದೇ ಬಿಡುತ್ತೇನೆ.

ಚಿಕ್ಕಪ್ಪ ಫಿರೋಜಾಬಾದಿನಿಂದ ತಂದುಕೊಟ್ಟದ್ದು ಅದು. ಬುಡದಲ್ಲಿ ಕಡು ನೀಲಿ, ಬಾಯಿ ಕಡೆ ಬರುತ್ತಾ ತಿಳಿಯಾಗುತ್ತದೆ. ಫಿರೋಜಾಬಾದ್ ಇರುವುದು ಆಗ್ರಾ ಪಕ್ಕದಲ್ಲಿ. ಜಾತ್ರೆಯಲ್ಲಿ ನಾವು ಕೈತುಂಬ ಇಡಿಸಿಕೊಳ್ಳುವ ಗಾಜಿನ ಬಳೆಗೆ ಹೆಸರಾದ ಊರೂ ಅದೇ. ತಾಜ್‌ಮಹಲಿಗೆ ಹೊಗೆ ತಾಗುತ್ತದೆ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತಿನ ಕಾರ್ಖಾನೆಗಳು ಕಲ್ಲಿದ್ದಲು ಬಿಡಬೇಕೆಂದು ಹೇಳಿದ ಮೇಲೆ ಅಲ್ಲಿನ ಕುಲುಮೆಗಳು ಗ್ಯಾಸಿಗೆ ಬಂದವು. ಬಿಸಿ ಮಾತ್ರ ಅದೇ, ಸಾವಿರ ಡಿಗ್ರಿಗೂ ಮೇಲೆ.

ಮರಳು, ಸೋಡಾ, ಸುಣ್ಣ ಕರಗಿ ಜೇನಿನಂತೆ ಆದಾಗ ಕೆಲಸಗಾರ ಉದ್ದದ ಟೊಳ್ಳು ಕೊಳವೆಯ ತುದಿಗೆ ಒಂದಿಷ್ಟು ಸುತ್ತಿಕೊಂಡು ಊದುತ್ತಾನೆ. ಊದುವಾಗಲೂ ಕೊಳವೆ ತಿರುಗುತ್ತಲೇ ಇರಬೇಕು, ನಿಲ್ಲಿಸಿದರೆ ಗಾಜು ಒಂದು ಕಡೆ ಜೋತುಬೀಳುತ್ತದೆ. ಆಮೇಲೆ ಬುಡಕ್ಕೆ ಇನ್ನೊಂದು ಸರಳು ಅಂಟಿಸಿ, ಕೊಳವೆಯಿಂದ ಬಿಡಿಸಿ, ಬಾಯಿ ತಿದ್ದುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಸುಮಾರು 500 ಡಿಗ್ರಿಯ ಗೂಡಿನಲ್ಲಿಟ್ಟು ನಿಧಾನಕ್ಕೆ ಆರಿಸಬೇಕು. ಅವಸರ ಮಾಡಿದರೆ ಹೊರಗೆ ಬೇಗ ಆರಿ, ಒಳಗೆ ಬಿಗಿತ ಉಳಿದು, ಮುಂದೆ ಯಾವಾಗಲೋ ತಾನಾಗಿಯೇ ಸೀಳಬಹುದು.

ನಮ್ಮ ಹೂದಾನಿಯ ಬುಡ ಸವರಿದರೆ ಆ ಸರಳನ್ನು ಬಿಡಿಸಿದ ಒರಟು ಗುರುತು ಬೆರಳಿಗೆ ಸಿಗುತ್ತದೆ. ಅದರ ಗಾಜಿನೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳಿವೆ. ಬೆಳಗಿನ ಬಿಸಿಲು ಬಿದ್ದಾಗ ಮಾತ್ರ ಅವು ಕಾಣುತ್ತವೆ, ನೀಲಿ ಬಣ್ಣ ನೆಲದ ಮೇಲೆಲ್ಲ ಹರಡುತ್ತದೆ. ಚಿಟಿಕೆಯಷ್ಟು ಕೋಬಾಲ್ಟ್ ಕೊಟ್ಟ ಬಣ್ಣ ಅದು. ಶೋಕೇಸಿನ ಟ್ಯೂಬ್‌ಲೈಟ್ ಕೆಳಗೆ ಇದು ಯಾವುದೂ ಇಲ್ಲ, ಸುಮ್ನೆ ಒಂದು ಕಪ್ಪು ಪಾತ್ರೆ. ಬೆಳಕೇ ಬೀಳದಿದ್ದರೆ ಇದನ್ನು ಊದಿದವನು ಅಷ್ಟು ಬೆಂಕಿಯ ಮುಂದೆ ಬೆವರಿದ್ದು ಯಾಕೆ, ಹೇಳಿ?

ಚಿತ್ರದುರ್ಗದ ಪಕ್ಕದ ನಮ್ಮ ಚಂದ್ರವಳ್ಳಿಯ ಅಗೆತದಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. ಗಾಜು ಊದುವ ವಿದ್ಯೆ ರೋಮ್ ಸಾಮ್ರಾಜ್ಯದಲ್ಲಿ ಹಬ್ಬಿದ್ದೂ ಹೆಚ್ಚುಕಡಿಮೆ ಅವನ ಕಾಲದಲ್ಲೇ. ಅದಕ್ಕೂ ಮೊದಲು ಗಾಜು ಉಳ್ಳವರ ಸ್ವತ್ತು. ಊದಲು ಕಲಿತ ಮೇಲೆ ಎಣ್ಣೆಗೆ, ಸುಗಂಧಕ್ಕೆ, ಕುಡಿಯಲಿಕ್ಕೆ ಅಂತ ಸಾಮಾನ್ಯರ ಮನೆಗೂ ಬಂತು. ಅಂದರೆ ಈ ವಿದ್ಯೆ ಬೆಳೆದಿದ್ದೇ ಬಳಕೆಗಾಗಿ, ಅಲ್ವಾ? ಹಾಗಾಗಿ ನಾನು ಅದರಲ್ಲಿ ಸೇವಂತಿಗೆ ಇಡುತ್ತೇನೆ. ಹೂವಿಲ್ಲದ ದಿನ ಖಾಲಿಯೇ ಚೆಂದ.

ಹಾಗಂತ ಬೇಜವಾಬ್ದಾರಿ ಮಾಡುವುದಿಲ್ಲ. ಚಿತ್ರದುರ್ಗದ ಗಾಳಿ ಗೊತ್ತಲ್ಲ, ಜೋಗಿಮಟ್ಟಿ ಕಡೆ ಗಾಳಿಯಂತ್ರ ತಿರುಗಿಸುವ ಗಾಳಿ ಅದು. ಆಷಾಢದಲ್ಲಿ ಆ ಕಿಟಕಿಯ ಬಾಗಿಲಿಗೆ ಚಿಲಕ ಹಾಕಿರುತ್ತೇನೆ, ಪರದೆಯನ್ನು ಗಂಟು ಕಟ್ಟಿ ದೂರ ಸರಿಸುತ್ತೇನೆ. ಬುಡದ ಕೆಳಗೆ ಅಂಟುವ ಮೇಣ ಸ್ವಲ್ಪ ಒತ್ತಿದ್ದೇನೆ. ಧೂಳನ್ನು ಹತ್ತಿ ಬಟ್ಟೆಯಲ್ಲೇ ಒರೆಸುವುದು. ನಮ್ಮ ಬೋರ್‌ವೆಲ್ ನೀರು ಗಡಸು, ನಾಲ್ಕು ದಿನ ಬಿಟ್ಟರೆ ಒಳಗೆ ಬಿಳಿ ಕಲೆ ಕಟ್ಟುತ್ತದೆ. ಅದಕ್ಕೆ ನಿಂಬೆರಸ ಬೆರೆಸಿದ ನೀರು ತುಂಬಿ ಒಂದು ಹೊತ್ತು ಬಿಡಿ, ಹೋಗುತ್ತದೆ. ಬಿಸಿನೀರು ಮಾತ್ರ ಯಾವತ್ತೂ ಬೇಡ, ಗಾಜು ದಪ್ಪ ಇದ್ದಷ್ಟೂ ಬಿರುಕಿನ ಭಯ ಜಾಸ್ತಿ.

ಅಮ್ಮನಿಗೆ ಗಾಜು ಒಡೆದರೆ ಅಪಶಕುನ ಎಂಬ ಅಳುಕು. ‘ನಿನ್ನ ಹೂದಾನಿ ನನಗೆ ನಿದ್ದೆ ಕೆಡಿಸ್ತದೆ ಕಣೇ’ ಅನ್ನುತ್ತಾಳೆ. ಅವಳ ಮಾತಿಗೆ ಬೇಜಾರಿಲ್ಲ. ಒಡೆದರೆ ನಾನೂ ಅಳುತ್ತೇನೆ, ನಿಜ. ಆದರೂ ಬೀಗ ಹಾಕುವುದಿಲ್ಲ.

ಸಿಟ್ಟು ಬರುವುದು ಬೇರೊಂದು ಮಾತಿಗೆ. ‘ಇದಕ್ಕೆ ಇಷ್ಟು ದುಡ್ಡಾ, ಮಾಲ್‌ನಲ್ಲಿ ಇನ್ನೂರಕ್ಕೆ ಸಿಗುತ್ತೆ’ ಅನ್ನುವವರಿಗೆ. ಸಿಗುತ್ತೆ, ಅಚ್ಚಿಗೆ ಒತ್ತಿದ್ದು. ಅದರ ಪಕ್ಕೆಯಲ್ಲಿ ಅಚ್ಚಿನ ಗೆರೆ ನೋಡಿ, ಎಲ್ಲವೂ ಒಂದೇ ಥರ. ಇದರ ಬಾಯಿ ಎಡಕ್ಕೆ ಚೂರು ವಾಲಿದೆ. ಆ ಗಳಿಗೆಯಲ್ಲಿ ಊದಿದವನ ಕೈ ಹಾಗೆ ತಿರುಗಿತ್ತು. ಕೈಯಿಂದ ಮಾಡಿದ್ದನ್ನು ಕೊಳ್ಳುವಾಗ ದಯವಿಟ್ಟು ಚೌಕಾಸಿ ಮಾಡಬೇಡಿ. ತಿರುಗಿಸಿ ಬುಡ ನೋಡಿ, ಬಿಸಿಲಿಗೆ ಹಿಡಿದು ಗುಳ್ಳೆ ನೋಡಿ, ಇಷ್ಟವಾದರೆ ಕೇಳಿದ ದುಡ್ಡು ಕೊಟ್ಟು ತನ್ನಿ.