ಮಂಗನ ಕಾಯಿಲೆಗೆ ಮನೋಧೈರ್ಯವೇ ಮದ್ದಲ್ಲ: ಒಂದು ಸ್ಪಷ್ಟನೆ

‘ಮಂಗನ ಕಾಯಿಲೆ ಹೆದರುವವರಿಗೆ ಮಾತ್ರ ಬರುತ್ತದೆ, ಮನಸ್ಸು ಗಟ್ಟಿಯಿದ್ದರೆ ರೋಗನಿರೋಧಕ ಶಕ್ತಿಯೇ ವೈರಾಣುವನ್ನು ಕೊಲ್ಲುತ್ತದೆ’ ಎಂಬ ಸಂದೇಶವೊಂದು ನಮ್ಮ ಮಲೆನಾಡಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ ಮುಖ್ಯವಾಗಿ ಸೋಂಕಿತ ಉಣುಗು (ರಕ್ತ ಹೀರುವ ಸಣ್ಣ ಹುಳು) ಕಚ್ಚುವುದರಿಂದ ಬರುತ್ತದೆಯೇ ಹೊರತು, ಸೊಪ್ಪು, ದರಗು (ಒಣಗಿದ ಎಲೆ) ತರಲು ಹೋದವರ ಎದೆಗಾರಿಕೆಯನ್ನು ಅಳೆದು ಬರುವುದಿಲ್ಲ.

ಮನಸ್ಸಿಗೂ ರೋಗನಿರೋಧಕ ಶಕ್ತಿಗೂ ನಂಟಿದೆ ಎಂಬುದು ನಿಜ. ದೀರ್ಘಕಾಲದ ಒತ್ತಡ ಕಾರ್ಟಿಸಾಲ್‌ನಂಥ ಹಾರ್ಮೋನುಗಳ ಮೂಲಕ ರಕ್ಷಣಾ ಕಣಗಳ ಕೆಲಸವನ್ನು ಏರುಪೇರು ಮಾಡುತ್ತದೆ. 1991ರಲ್ಲಿ ಪ್ರಕಟವಾದ ಅಮೆರಿಕದ ಮನೋವಿಜ್ಞಾನಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, 394 ಆರೋಗ್ಯವಂತರ ಮೂಗಿಗೆ ಶೀತದ ವೈರಾಣುವಿನ ಹನಿ ಹಾಕಿ ಗಮನಿಸಿದಾಗ, ಒತ್ತಡ ಹೆಚ್ಚಿದ್ದವರಲ್ಲಿ ಸೋಂಕಿನ ಪ್ರಮಾಣವೂ ಹೆಚ್ಚಿತ್ತು. ಆದರೆ ಒತ್ತಡ ತೀರಾ ಕಡಿಮೆಯಿದ್ದವರಲ್ಲೂ ಬಹುಪಾಲು ಮಂದಿಗೆ ಸೋಂಕು ತಗುಲಿತ್ತು ಎಂಬುದನ್ನು ಸಂದೇಶ ಬರೆದವರು ಹೇಳುವುದಿಲ್ಲ. ಮೇಲಾಗಿ ಅದು ನೆಗಡಿಯ ಮಾತು, ರಕ್ತಸ್ರಾವಕ್ಕೂ ಕಾರಣವಾಗಬಲ್ಲ ಮಂಗನ ಕಾಯಿಲೆಯದಲ್ಲ.

ಮನೆಯವರನ್ನು ಕಳೆದುಕೊಂಡವರಿಗೆ ‘ಅವರಿಗೆ ಧೈರ್ಯ ಸಾಲಲಿಲ್ಲ’ ಎನ್ನುವುದು ಕ್ರೌರ್ಯ. ರೋಗಿಗೆ ಸಮಾಧಾನ, ನಿದ್ದೆ, ಹತ್ತಿರದವರ ಆಸರೆ ಖಂಡಿತ ಬೇಕು, ಆದರೆ ಚಿಕಿತ್ಸೆಯ ಜೊತೆಗೆ. ಕಾಡಿಗೆ ಹೋಗಿಬಂದ ಕೆಲವೇ ದಿನಗಳಲ್ಲಿ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆಯ ಬಗ್ಗೆ ಕೇಳಬೇಕು.