ಬಲಗೈಗೊಂದು ಸರಳೆ ವರಸೆ

ಕ್ಲಾಸಿಕಲ್ ಗಿಟಾರ್ ಕ್ಲಾಸಿಗೆ ಸೇರಿದ ಮೊದಲ ಮೂರು ವಾರ ನನ್ನ ಎಡಗೈಗೆ ಕೆಲಸವೇ ಇರಲಿಲ್ಲ. ಖಾಲಿ ತಂತಿಗಳನ್ನು ಬಲಗೈಯಿಂದ ಮೀಟುವುದು, ಅಷ್ಟೇ. ತೋರುಬೆರಳು, ನಡುಬೆರಳು, ಮತ್ತೆ ತೋರುಬೆರಳು. ಒಂದೇ ಬೆರಳು ಎರಡು ಸಲ ಬಂತೋ, ಮೊದಲಿಂದ ಶುರು. ಊರಲ್ಲಿದ್ದಾಗ ನಾಲ್ಕು ವರ್ಷ ವೀಣೆ ಕಲಿತವನು ನಾನು. ಕರ್ನಾಟಕ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ತಂತಿವಾದ್ಯ ಹಿಡಿದಾಗ ಈ ಪಾಠ ಬರಡಾಗಿ ಕಂಡಿತು. ವೀಣೆಯ ಗುರುಗಳು ಮೊದಲ ದಿನವೇ ಮಾಯಾಮಾಳವಗೌಳ ರಾಗದಲ್ಲಿ ಸರಿಗಮ ಹಾಡಿಸಿ, ಶ್ರುತಿ ನಿಂತ ಮೇಲೆ ವಾದ್ಯ ಮುಟ್ಟಲು ಬಿಟ್ಟಿದ್ದರು. ಇಲ್ಲಿ ಹಾಡೂ ಇಲ್ಲ, ರಾಗವೂ ಇಲ್ಲ.

ನಮ್ಮ ಕರ್ನಾಟಕ ಸಂಗೀತದ ಪದ್ಧತಿ ಕಿವಿಯಿಂದ ಹೊರಟು ಕೈಗೆ ಬರುತ್ತದೆ, ಗಿಟಾರಿನದು ಕೈಯಿಂದ ಹೊರಟು ಕಿವಿಗೆ. ಕೈಗೂ ಪ್ರತ್ಯೇಕ ಪಾಠ ಬೇಕು ಎನ್ನುವುದು ನನಗೆ ತಿಳಿದದ್ದು ಆ ಮೂರು ವಾರಗಳಿಂದಲೇ.

ಮೀಟುವುದರಲ್ಲೇ ಎರಡು ಬಗೆ. ಮೀಟಿದ ಬೆರಳು ಪಕ್ಕದ ತಂತಿಗೆ ಒರಗಿ ನಿಂತರೆ ಅಪೊಯಾಂಡೊ. ಯಾವ ತಂತಿಯನ್ನೂ ಮುಟ್ಟದೆ ಅಂಗೈ ಕಡೆಗೆ ಸಾಗಿದರೆ ತಿರಾಂಡೊ. ಮೊದಲನೆಯದರಲ್ಲಿ ನಾದ ತುಂಬಿ ಬರುತ್ತದೆ, ಒಂಟಿ ಸ್ವರದ ಸಾಲಿಗೆ ಚೆನ್ನ. ಆದರೆ ಒರಗಿದ ಬೆರಳು ಪಕ್ಕದ ತಂತಿಯನ್ನು ಮೂಕವಾಗಿಸುತ್ತದೆ, ಹಾಗಾಗಿ ಹಲವು ತಂತಿಗಳು ಒಟ್ಟಿಗೆ ಮೊಳಗಬೇಕಾದಾಗ ಎರಡನೆಯದೇ ಗತಿ. ಎರಡರಲ್ಲೂ ಮೀಟಿದ ಮರುಕ್ಷಣ ಬೆರಳು ಸಡಿಲವಾಗಬೇಕು. ಈ ಸಡಿಲಿಸುವುದನ್ನು ಒಂದು ಪಾಠವಾಗಿ ನನಗೆ ಯಾರೂ ಹಿಂದೆ ಕಲಿಸಿರಲಿಲ್ಲ. ವೀಣೆಯ ಮುಂದೆ ನಾಲ್ಕು ವರ್ಷ ಮಣಿಕಟ್ಟು ಬಿಗಿಹಿಡಿದೇ ಕೂತಿದ್ದೆ. ಯಾಕೆ ನೋಯುತ್ತದೆ ಎಂದು ಕೇಳಿದರೆ "ನುಡಿಸ್ತಾ ನುಡಿಸ್ತಾ ಸರಿಹೋಗುತ್ತೆ" ಎಂಬ ಉತ್ತರ. ಸರಿಹೋಗಲಿಲ್ಲ.

ಎಡಗೈಯ ಸರದಿ ಬಂದಾಗ ವೀಣೆಯ ಅಭ್ಯಾಸವೇ ಅಡ್ಡ ಬಂತು. ಅಲ್ಲಿ ತೋರುಬೆರಳು, ನಡುಬೆರಳು ಜೋಡಿಯಾಗಿ ತಂತಿಯನ್ನು ಎಳೆಯುತ್ತವೆ, ಸ್ವರವನ್ನು ಬಳುಕಿಸುವ ಗಮಕ ಹುಟ್ಟುವುದೇ ಆ ಎಳೆತದಲ್ಲಿ. ಗಿಟಾರಿನಲ್ಲಿ ನಾಲ್ಕು ಬೆರಳಿಗೂ ಒಂದೊಂದು ಫ್ರೆಟ್ಟಿನ, ಅಂದರೆ ಮೆಟ್ಟಿಲಿನ, ಜವಾಬ್ದಾರಿ; ತಂತಿ ಸ್ವಲ್ಪ ಓರೆಯಾಗಿ ಎಳೆದರೂ ಸ್ವರ ಏರಿ ಇಡೀ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಅಪಶ್ರುತಿ. ಫ್ರೆಟ್ಟಿನ ಹಿಂದೆ, ಅದಕ್ಕೆ ತೀರ ಹತ್ತಿರ ಬೆರಳಿಟ್ಟರೆ ಬಹಳ ಕಡಿಮೆ ಒತ್ತಡ ಸಾಕು. ಮುಟ್ಟಿಯೂ ಮುಟ್ಟದಂತೆ ಬೆರಳಿಟ್ಟು, ತಂತಿ ಗರಗರ ಎನ್ನುವಲ್ಲಿಂದ ಸ್ವಚ್ಛ ಸ್ವರ ಬರುವವರೆಗೆ ನಿಧಾನ ಒತ್ತುತ್ತಾ ಹೋದರೆ ಎಷ್ಟು ಬಲ ಬೇಕೆಂದು ಬೆರಳಿಗೇ ಗೊತ್ತಾಗುತ್ತದೆ. ಹೊಸಬರು ಇದಕ್ಕೆ ದಿನಕ್ಕೆ ಐದು ನಿಮಿಷ ಕೊಡಲೇಬೇಕು.

ಇಟಲಿಯ ಗಿಟಾರ್ ವಾದಕ ಮೌರೊ ಜೂಲಿಯಾನಿ 1812ರಲ್ಲಿ ಪ್ರಕಟಿಸಿದ ಬಲಗೈಯ 120 ಅಭ್ಯಾಸಗಳನ್ನು ಇಂದಿಗೂ ನುಡಿಸುತ್ತಾರೆ. 120ಕ್ಕೂ ಎರಡೇ ಕಾರ್ಡು: ಸಿ ಮೇಜರ್, ಜಿ ಸೆವೆನ್. ಎಡಗೈಗೆ ಯೋಚನೆಯೇ ಬೇಡದಂತೆ ಮಾಡಿ ಗಮನವನ್ನೆಲ್ಲ ಬಲಗೈಗೆ ತಿರುಗಿಸುವ ಉಪಾಯ ಅದು. ನೋಡಿದ ಕೂಡಲೇ ನನಗೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠವಾದ ಸರಳೆ ವರಸೆ ನೆನಪಾಯಿತು. ಅಲ್ಲೂ ರಾಗ ಬದಲಾಗುವುದಿಲ್ಲ, ತಾಳ ಬದಲಾಗುವುದಿಲ್ಲ; ಒಂದನ್ನು ಕಟ್ಟಿಹಾಕಿ ಇನ್ನೊಂದನ್ನು ಆಡಿಸುವುದು. ಪುರಂದರದಾಸರದೆಂದು ನಾವು ನಂಬಿಕೊಂಡು ಬಂದ ಆ ಪಾಠದಲ್ಲಿ ಸ್ವರಗಳ ಜೋಡಣೆ ಬದಲಾಗುತ್ತದೆ, ಜೂಲಿಯಾನಿಯಲ್ಲಿ ಬೆರಳುಗಳ ಜೋಡಣೆ.

ಗಿಟಾರಿನವರಲ್ಲಿ ನಾನು ತುಂಬ ಗೌರವಿಸುವುದು ಕಾರಣ ಹೇಳುವ ರೂಢಿಯನ್ನು. ಉಗುರಿನಿಂದ ಮೀಟಬೇಕೋ ಬೆರಳ ತುದಿಯಿಂದಲೋ ಎಂಬ ಪ್ರಶ್ನೆಯನ್ನೇ ನೋಡಿ. ಸ್ಪೇನಿನ ಇಬ್ಬರು ಗಿಟಾರ್ ವಾದಕರಲ್ಲಿ ಫರ್ನಾಂಡೊ ಸೋರ್ ಉಗುರು ಬೇಡ ಎನ್ನುವವರು, ಡಿಯೊನಿಸಿಯೊ ಅಗ್ವಾಡೊ ಉಗುರಿನ ಪಕ್ಷ. ಇಬ್ಬರೂ ಪ್ಯಾರಿಸ್ಸಿನಲ್ಲಿ ಸ್ನೇಹಿತರಾಗಿದ್ದವರು, ಇಬ್ಬರೂ ಪಾಠಪುಸ್ತಕ ಬರೆದವರು. ಸೋರ್ ಅವರದು ಬಂದದ್ದು 1830ರಲ್ಲಿ. ಭಿನ್ನಮತ ಕಾಗದದ ಮೇಲೆ ಉಳಿದಿರುವುದರಿಂದ ಇಂದಿನ ವಿದ್ಯಾರ್ಥಿ ಎರಡನ್ನೂ ಓದಿ ತೂಗಬಹುದು. ನಮ್ಮಲ್ಲಿ ಬಾನಿ, ಅಂದರೆ ನುಡಿಸುವ ಶೈಲಿ, ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟುತ್ತದೆ, ಅದರ ಹಿಂದಿನ 'ಯಾಕೆ' ಬಹಳ ಸಲ ದಾಟುವುದಿಲ್ಲ. (ಉಗುರಿನ ಚಿಂತೆ ಮೊದಲ ಕೆಲವು ತಿಂಗಳು ಬೇಡ. ಬೆರಳ ದಾರಿ ನೆಟ್ಟಗಾಗಲಿ.)

ಆದರೆ ಗಿಟಾರಿನ ಪದ್ಧತಿಯಲ್ಲಿ ಒಂದು ಕೊರತೆಯಿದೆ, ಅದನ್ನು ನೋಡಿದಾಗೆಲ್ಲ ನನಗೆ ಸಂಕಟ. ಜೊತೆಯಲ್ಲಿ ಕಲಿಯುವ ಎಷ್ಟೋ ಮಂದಿ ಸ್ಟಾಫ್ ನೊಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಓದಿ ಗಿಟಾರ್ ರಚನೆಕಾರ ಕಾರ್ಕಾಸಿಯ ಎತ್ಯೂಡ್, ಅಂದರೆ ಅಭ್ಯಾಸದ ಕೃತಿ, ನುಡಿಸುತ್ತಾರೆ, ಅದರ ಮೇಲಿನ ಸಾಲನ್ನು ಹಾಡಿ ಎಂದರೆ ಬಾಯಿ ಬರುವುದಿಲ್ಲ. ಹಾಡಲಾಗದ್ದು ಬೆರಳಲ್ಲಿ ಬಂದರೂ ಅಲ್ಲಿ ಉಸಿರು ಎಲ್ಲಿ ಬಿಡಬೇಕೆಂಬುದು ಗೊತ್ತಿರುವುದಿಲ್ಲ, ವಾಕ್ಯದ ನಡುವೆಯೇ ಫ್ರೆಟ್ ಹುಡುಕುತ್ತಾ ನಿಲ್ಲುತ್ತಾರೆ. ನಮ್ಮ ಗುರುಗಳು ಇದನ್ನು ಒಂದು ದಿನವೂ ಒಪ್ಪುತ್ತಿರಲಿಲ್ಲ.

ಒಂದೇ ಪಾಠವನ್ನು ಮೂರು ವೇಗದಲ್ಲಿ ನುಡಿಸುವ ನಮ್ಮ ಮೂರು ಕಾಲದ ಅಭ್ಯಾಸವನ್ನೂ ನಾನು ಗಿಟಾರಿಗೆ ತಂದಿದ್ದೇನೆ. ಸ್ಕೇಲ್ (ಸ್ವರಗಳ ಏರಿಳಿತದ ಸಾಲು) ನುಡಿಸುವಾಗ ವೇಗಕ್ಕೆ ಏಟು ಕೊಡುವ ಮೆಟ್ರೊನೋಮ್ ಯಂತ್ರದ ಮುಳ್ಳನ್ನು ಎರಡೆರಡೇ ಏರಿಸುವುದು ಇಲ್ಲಿನ ಕ್ರಮ. ನಾನು ನಿಮಿಷಕ್ಕೆ 40 ಏಟಿನಲ್ಲೇ ಬಿಟ್ಟು, ಏಟಿಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು ನುಡಿಸುತ್ತೇನೆ. ಸ್ವಲ್ಪ ಸ್ವಲ್ಪವೇ ಏರಿಸಿದರೆ ಬಿಗಿತವೂ ಗೊತ್ತಾಗದಂತೆ ಏರುತ್ತದೆ; ಇಮ್ಮಡಿಯಾದಾಗ ತಪ್ಪಿದ ಬೆರಳು ಯಾವುದೆಂದು ತಟ್ಟನೆ ಕಾಣುತ್ತದೆ. ಮೂರನೇ ಕಾಲದಲ್ಲಿ ಭುಜ ಮೇಲೆದ್ದರೆ ಒಂದನೇ ಕಾಲಕ್ಕೆ ವಾಪಸ್.

ಜೂಲಿಯಾನಿಯ ಅಭ್ಯಾಸಗಳನ್ನು ಆರು ತಿಂಗಳು ನುಡಿಸಿದ ಮೇಲೆ ಒಂದು ರಾತ್ರಿ ಹೆಬ್ಬೆರಳಿನ ಸ್ವರವನ್ನು ಹಾಡುತ್ತಾ ಹೋದೆ, ಆಮೇಲೆ ಒಂದೊಂದೇ ತಂತಿಯದ್ದನ್ನು. ಸಿ ಸ್ವರವನ್ನು ಷಡ್ಜವೆಂದು ಹಿಡಿದರೆ ಸಿ ಕಾರ್ಡಿನಲ್ಲಿ ಸ, ಗ, ಪ. ಜಿ ಸೆವೆನ್‌ನಲ್ಲಿ ಪ, ನಿ, ರಿ, ಮ. ಎರಡೇ ಹಿಡಿತದಲ್ಲಿ ಶಂಕರಾಭರಣ ರಾಗದ ಆರು ಸ್ವರಗಳು! ಧೈವತವೊಂದು ಹೊರಗೆ. ಅಷ್ಟು ದಿನ ಬೆರಳ ಕೆಳಗೇ ಇದ್ದುದನ್ನು ಅಂದು ಮೊದಲ ಸಲ ಕೇಳಿಸಿಕೊಂಡೆ.